ಹೆಸರುಂಡೆ ತಿಂದು ಕಬಡ್ಡಿ

ತಿಂಡಿಗಳಲ್ಲಿ ಎರಡು ಬಗೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ: ಮಾತಿಗೆ ಜೊತೆಯಾಗುವವು, ಮಾತನ್ನು ನಿಲ್ಲಿಸಿಬಿಡುವವು. ಚಕ್ಕುಲಿ ಮೊದಲನೆಯ ಬಗೆಯದು. ಒಂದು ಸುತ್ತು ಮುರಿಯುವಷ್ಟರಲ್ಲಿ ಎದುರುಮನೆಯ ಸುದ್ದಿ ಅರ್ಧ ಮುಗಿದಿರುತ್ತದೆ. ಅವಲಕ್ಕಿ ಚೂಡಾವನ್ನು ಅಂಗೈಯಲ್ಲಿಟ್ಟುಕೊಂಡರಂತೂ ಬೊಂಬಾಯಿಯ ಲೋಕಲ್ ರೈಲಿನಲ್ಲಿ ಚರ್ಚ್‌ಗೇಟಿನಿಂದ ಗೋರೆಗಾಂವ್ ತಲುಪುವವರೆಗೂ ಬಾಯಿಗೆ ಬಿಡುವಿಲ್ಲ, ಮಾತಿಗೂ ಬಿಡುವಿಲ್ಲ. ಆದರೆ ನಮ್ಮ ಅತ್ತೆ ಮಾಡುವ ಹೆಸರುಂಡೆ ಎರಡನೆಯ ಬಗೆಯದು, ಅದರಲ್ಲೂ ತೀರ ಕಟ್ಟುನಿಟ್ಟಿನದು. ಹೆಸರುಕಾಳನ್ನು ಕೆಂಪಗೆ ಹುರಿದು, ಬೀಸುಕಲ್ಲಿನಲ್ಲಿ ಬೀಸಿ, ಬೆಲ್ಲದ ಪುಡಿ, ಏಲಕ್ಕಿ, ಬಿಸಿ ತುಪ್ಪ ಸೇರಿಸಿ ಮುಷ್ಟಿಯಲ್ಲಿ ಅದುಮಿ ಕಟ್ಟಿದ ಆ ಉಂಡೆಯ ಪರಿಮಳ ನಮ್ಮ ಬಿಲ್ಡಿಂಗಿನ ಕೆಳಗಿನ ಮೆಟ್ಟಿಲಿನಿಂದಲೇ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಬರುತ್ತದೆ. ಬಾಯಿಗೆ ಹಾಕಿಕೊಂಡು ಕಚ್ಚಿದಿರೋ, ಮುಗಿಯಿತು. ಹಿಟ್ಟು ಅಂಗುಳಕ್ಕೆ ಗಚ್ಚಿನ ಹಾಗೆ ಅಂಟಿಕೊಂಡು, ನಾಲಿಗೆ ಅದನ್ನು ಬಿಡಿಸುವ ಕೆಲಸದಲ್ಲಿ ತೊಡಗಿ, ನೀವು ಕಣ್ಣಿನಲ್ಲಿ ಮಾತ್ರ ಮಾತಾಡಬೇಕಾಗುತ್ತದೆ. ಮದುವೆಯಾದ ಹೊಸತರಲ್ಲಿ ನಮ್ಮವರು ಆಫೀಸಿನಿಂದ ಬಂದವರೇ ಡಬ್ಬಕ್ಕೆ ಕೈಹಾಕಿ ಉಂಡೆ ಬಾಯಿಗಿಟ್ಟು ಕುರ್ಚಿಯಲ್ಲಿ ಕೂರುವುದನ್ನು ನೋಡಿ, ನನಗೆ ಎಂಥ ಮಿತಭಾಷಿ ಗಂಡ ಸಿಕ್ಕಿದರು ಎಂದು ಊರಿಗೆ ಕಾಗದ ಬರೆದಿದ್ದೆ. ಉಂಡೆ ಮುಗಿದ ದಿನ ನಿಜ ತಿಳಿಯಿತು.

ಇಂಥ ಉಂಡೆಗೂ ಕಬಡ್ಡಿಗೂ ಗಂಟು ಹಾಕಿದವರು ಈ ಲೋಕದಲ್ಲಿ ನಾವು ಮಾತ್ರ ಇರಬೇಕು. ಕಬಡ್ಡಿಯಲ್ಲಿ ಎದುರು ಪಕ್ಷದ ಅಂಗಳಕ್ಕೆ ನುಗ್ಗುವವಳು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು, ನಡುವೆ ದನಿ ಕಡಿದರೆ ಅವಳು ಔಟು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಆಟಗಳ ವಿಷಯದಲ್ಲಿ ನನ್ನ ತಲೆ ಮೊದಲಿನಿಂದಲೂ ಹಾಗೆಯೇ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರುಗಳು ನಮ್ಮನ್ನೆಲ್ಲ ಸಂಜೆ ಮೈದಾನಕ್ಕೆ ಅಟ್ಟುತ್ತಿದ್ದರು. ನನ್ನ ಪಾಲಿಗೆ ಬಂದ ಆಟವೆಂದರೆ, ಆಡುವವರ ರಿಬ್ಬನ್ನು, ಕೈಗಡಿಯಾರ, ಕನ್ನಡಕಗಳನ್ನು ಲಂಗದ ಮಡಿಲಲ್ಲಿ ಹಿಡಿದುಕೊಂಡು ಗೆರೆಯಾಚೆ ನಿಲ್ಲುವುದು. ಯಾವ ಕನ್ನಡಕ ಯಾರದೆಂದು ಎಂದೂ ತಪ್ಪಲಿಲ್ಲ, ಅದೇ ನನ್ನ ಕ್ರೀಡಾಸಾಧನೆ.

ಅತ್ತೆಯ ಕೈ ಸುಮ್ಮನಿರುವಂಥದ್ದಲ್ಲ. ಸ್ಟೇಷನ್ನಿನ ಹತ್ತಿರ ನಮ್ಮ ಉಡುಪಿ ಕಡೆಯವರದೇ ಒಂದು ಹೋಟೆಲು. ಅದರ ಗಲ್ಲೆಯ ಮೇಲಿನ ಗಾಜಿನ ಭರಣಿಯಲ್ಲಿ ಅವರ ಉಂಡೆಗಳು ಮೊದಲು ಕಾಣಿಸಿಕೊಂಡವು. ಆಮೇಲೆ ಪೊಟ್ಟಣಗಳಾದವು. ‘ಕಮಲಮ್ಮನ ಹೆಸರುಂಡೆ’ ಎಂದು ಹೆಸರಾಯಿತು. ಕಾನ್ವೆಂಟಿನ ಸೊಸೆ ಮನೆಯಲ್ಲಿ ಇರುವಾಗ ಇಂಗ್ಲಿಷಿಗೆ ಬೇರೆ ಯಾರು ಬೇಕು ಎಂದು ಪೊಟ್ಟಣದ ಮೇಲಿನ ಒಕ್ಕಣೆಯನ್ನು ನನಗೆ ವಹಿಸಿದರು. ನಾನು ಉಂಡೆಯ ಗುಣಗಳನ್ನು ಕುರಿತು ಒಂದು ಪುಟ್ಟ ನಿಬಂಧವನ್ನೇ ಬರೆದುಕೊಟ್ಟೆ. ಪ್ರೆಸ್ಸಿನವನು ಓದಿ, ಇಷ್ಟನ್ನೂ ಅಚ್ಚುಹಾಕಿದರೆ ಉಂಡೆಯ ಹೆಸರಿಗೆ ಜಾಗ ಉಳಿಯುವುದಿಲ್ಲ, ಬಾಯಿಸಾಹೇಬ್, ಎಂದು ಮೊದಲ ಎರಡು ಶಬ್ದ ಇಟ್ಟುಕೊಂಡು ಉಳಿದುದನ್ನು ಮರಳಿಸಿದ.

ವ್ಯಾಪಾರ ದಹಿಸರ್‌ವರೆಗೂ ಹಬ್ಬಿತು, ಅಲ್ಲಿ ಮುಗ್ಗರಿಸಿತು. ಅಲ್ಲಿನ ಕಿರಾಣಿ ಅಂಗಡಿಯವನು ಒಂದು ಬೆಳಿಗ್ಗೆ ಅರ್ಧ ಡಬ್ಬ ಉಂಡೆ ವಾಪಸು ಕೊಟ್ಟು, ಕಮಲಮ್ಮ ಯಾರೆಂದು ಇಲ್ಲಿ ಯಾರಿಗೆ ಗೊತ್ತು, ಹಾಲಿಗೆ ಹಾಕುವ ಡಬ್ಬದ ಪುಡಿ ಮಾರುವ ಕಂಪನಿಯವರನ್ನು ನೋಡಿ, ಕ್ರಿಕೆಟ್ ಆಡುವವನ ಚಿತ್ರ ಹಾಕುತ್ತಾರೆ ಎಂದ. ಅತ್ತೆ ಮುಖ ಸಣ್ಣ ಮಾಡಿಕೊಂಡು ಡಬ್ಬವನ್ನು ಎದೆಗವಚಿಕೊಂಡು ನನ್ನ ಜೊತೆ ಲೋಕಲ್ ಹತ್ತಿದರು. ಆಫೀಸಿನ ಹೊತ್ತು. ಹೆಂಗಸರ ಬೋಗಿಯಲ್ಲಿ ಗೋರೆಗಾಂವ್ ಬಂದರೂ ಬಾಗಿಲು ಕಾಣುತ್ತಿರಲಿಲ್ಲ. ನಾನು ಕಾನ್ವೆಂಟಿನ ಪದ್ಧತಿಯಂತೆ ‘ಎಕ್ಸ್‌ಕ್ಯೂಸ್ ಮಿ’ ಎನ್ನುತ್ತ ನಿಂತಿದ್ದೆ. ಆ ಮಾತಿಗೆ ಬೊಂಬಾಯಿಯ ಲೋಕಲಿನಲ್ಲಿ ಯಾರೂ ಸರಿದದ್ದನ್ನು ನಾನು ಇದುವರೆಗೂ ಕಂಡಿಲ್ಲ. ಅಷ್ಟರಲ್ಲಿ ಬಾಗಿಲ ಕಂಬಿ ಹಿಡಿದು ನಿಂತಿದ್ದ ಒಬ್ಬ ಹುಡುಗಿ ಗುಂಪಿನೊಳಗೆ ಕೈಹಾಕಿ, ಅತ್ತೆಯನ್ನು ಡಬ್ಬದ ಸಮೇತ, ತೊಟ್ಟಿಲಿನಿಂದ ಮಗುವನ್ನೆತ್ತುವ ಹಾಗೆ ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ಇಳಿಸಿದಳು. ನಾನು ಆ ತೆರಪಿನಲ್ಲಿ ಉದುರಿದೆ. ಗಾಡಿ ಹೊರಟೇಹೋಯಿತು. ಅತ್ತೆಯ ಸೆರಗು ಕೂಡ ಜಾರಿರಲಿಲ್ಲ.

“ಅವಳ ಕೈ ನೋಡಿದಿಯಾ ವತ್ಸಲಾ?” ಎಂದರು ಅತ್ತೆ, ಗಾಡಿ ಹೋದ ದಿಕ್ಕನ್ನೇ ನೋಡುತ್ತ. “ಅವಳ ಚಿತ್ರ ಹಾಕುವ ಮಾರಾಯ್ತಿ. ಕ್ರಿಕೆಟಿನವ ಯಾರನ್ನು ಎತ್ತಿದ್ದಾನೆ?”

ಮರುದಿನ ಅದೇ ಹೊತ್ತಿಗೆ ಅದೇ ಬೋಗಿಯ ಎದುರು ಹೋಗಿ ನಿಂತೆವು. ಹುಡುಗಿಯ ಹೆಸರು ಜೈಬುನ್ನಿಸಾ ಎಂದು ತಿಳಿಯಿತು. ಎಲ್ಲರ ಬಾಯಲ್ಲಿ ಜೈಬು. ತಂದೆ ಹುಬ್ಬಳ್ಳಿ ಕಡೆಯವರು, ದಹಿಸರ್‌ನಲ್ಲಿ ದರ್ಜಿ. ಅವಳು ಕಬಡ್ಡಿ ಆಡುವವಳು, ಅದೂ ಹೊತ್ತು ಕಳೆಯಲು ಆಡುವವಳಲ್ಲ. ಒಂದು ದೊಡ್ಡ ಕಚೇರಿ ಅವಳನ್ನು ಆಡುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಬೆಳಿಗ್ಗೆ ಸಹಿ ಹಾಕಿ ಮೈದಾನಕ್ಕೆ ಹೋಗುವುದೇ ಅವಳ ನೌಕರಿ. ಆದರೆ ಅದು ಹಂಗಾಮಿ. ಆ ವರ್ಷದ ಕಚೇರಿಗಳ ಪಂದ್ಯಾವಳಿ ಗೆದ್ದುಕೊಟ್ಟರೆ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಇಷ್ಟಕ್ಕೇ ಸಾಕು ಎಂದು ಸಾಹೇಬರು ಹೇಳಿದ್ದರಂತೆ. ಸಾಕಾದರೆ ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯವರು ಮದುವೆಯ ಮಾತು ಹಿಡಿದು ಕಾದಿದ್ದರು. “ಹುಡುಗ ಛಲೋ ಅದಾನ ಅಂತಾರ್ರೀ ಅಕ್ಕಾರ,” ಎಂದಳು ಜೈಬು ನನಗೆ. “ಖರೇ ಅಂದ್ರ ಅವರ ಮನಿ ಅಂಗಳ ನೋಡೇನಿ. ಎರಡ ಹೆಜ್ಜಿ ಇಟ್ರ ಗ್ವಾಡಿ ಬರ್ತದ. ಅಲ್ಲಿ ನಾ ಏನ್ ಆಡ್ಲಿ?”

ಚಿತ್ರ ಹಾಕಲು ಅವಳಿಗೇನೋ ಒಪ್ಪಿಗೆಯೇ. ತಂಡದ ಮ್ಯಾನೇಜರರು ಮಾತ್ರ, ಜಾಹೀರಾತಿಗೆ ಹಣ ಮುಟ್ಟಿದರೆ ಆಟದಿಂದ ಹೊರಗೆ ಹಾಕುತ್ತಾರೆ ಎಂದು ಎಚ್ಚರಿಸಿದರು. ಆಡುವುದಕ್ಕೆ ಸಂಬಳ ತೆಗೆದುಕೊಳ್ಳಬಹುದು, ತಿನ್ನುವುದಕ್ಕೆ ಕೂಡದು. ಆಟದ ಲೋಕದ ಧರ್ಮಸೂಕ್ಷ್ಮ ನನಗೆ ಅರ್ಥವಾಗಲಿಲ್ಲ. ಅತ್ತೆಗೆ ಅದು ಸಮಸ್ಯೆಯಾಗಿಯೇ ತೋರಲಿಲ್ಲ. ಹಾಗಾದರೆ ಹಣದ ಬದಲು ಫೈನಲಿನ ದಿವಸ ಇಡೀ ತಂಡಕ್ಕೆ ಉಂಡೆ ನಮ್ಮದು ಎಂದರು. ಮ್ಯಾನೇಜರರು ಸಂತೋಷದಿಂದ ಒಪ್ಪಿದರು. ಅವರು ಅಲ್ಲಿಯವರೆಗೆ ಉಂಡೆ ತಿಂದಿರಲಿಲ್ಲ.

ಫೋಟೋ ತೆಗೆಸುವುದು ಸುಲಭವಾಗಲಿಲ್ಲ. ಆಡುವ ಚಡ್ಡಿಯಲ್ಲಿ ನಿಂತ ಹುಡುಗಿಯ ಚಿತ್ರ ತಿಂಡಿಯ ಪೊಟ್ಟಣಕ್ಕೆ ಹೇಗಾದೀತು ಎಂದು ನಮ್ಮವರಿಗೆ ಅಳುಕು. ಅತ್ತೆ ಅವಳ ಚಡ್ಡಿಯನ್ನು ಗಮನಿಸಿದ ಹಾಗೇ ಇರಲಿಲ್ಲ. ಮೊಣಕಾಲಿನ ತರಚುಗಾಯಗಳನ್ನು ನೋಡಿ ಲೊಚಗುಟ್ಟಿ ಕೊಬ್ಬರಿ ಎಣ್ಣೆ ತಂದು ಸವರಿದರು. ಕೊನೆಗೆ ಭುಜದಿಂದ ಮೇಲೆ ಮಾತ್ರ ಎಂದು ತೀರ್ಮಾನವಾಯಿತು. ಸ್ಟುಡಿಯೋದವನು ಅವಳನ್ನು ಬಣ್ಣದ ಪರದೆಯ ಹುಣ್ಣಿಮೆ ಚಂದ್ರನ ಮುಂದೆ ಕೂರಿಸಿ, ಉಂಡೆ ಕಚ್ಚಿ ನಗು ಎಂದ. ಹೆಸರುಂಡೆ ಕಚ್ಚಿ ನಗುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಕಚ್ಚಿದರೆ ನಗು ಇಲ್ಲ, ನಕ್ಕರೆ ಹಿಟ್ಟು ಕ್ಯಾಮೆರಾದ ಮೇಲೆ. ಉಂಡೆಯ ಮೇಲೆ ಉಂಡೆ ಖರ್ಚಾದವು. ಕಡೆಗೆ ಉಂಡೆಯನ್ನು ಅಂಗೈಯಲ್ಲಿಟ್ಟು ಭುಜದ ಪಕ್ಕಕ್ಕೆ ಎತ್ತಿ ಹಿಡಿದ ಚಿತ್ರವೇ ಗತಿಯಾಯಿತು. ಪ್ರೆಸ್ಸಿನವನು ಊದುಬತ್ತಿಯ ಪೊಟ್ಟಣಗಳಿಗೆ ಲಕ್ಷ್ಮಿಯನ್ನು ಅಚ್ಚುಹಾಕುವವನು; ಅವನ ಬಳಿಯಿದ್ದ ಚೌಕಟ್ಟು ಅದೊಂದೇ. ಹೀಗಾಗಿ ಜೈಬುವಿನ ತಲೆಯ ಸುತ್ತ ಪ್ರಭಾವಳಿ, ಎರಡು ಬದಿಗೆ ಕಮಲ, ಎತ್ತಿದ ಕೈಯಲ್ಲಿ ಉಂಡೆ. ಪೊಟ್ಟಣ ಕೊಂಡ ಕೆಲವು ಹೆಂಗಸರು ಅದನ್ನು ಹರಿಯಲು ಮನಸ್ಸು ಬಾರದೆ, ಬದಿಯಿಂದ ಮೆಲ್ಲಗೆ ಕತ್ತರಿಸಿ ಉಂಡೆ ತೆಗೆಯುತ್ತಿದ್ದರು ಎಂದು ಹೋಟೆಲಿನವರು ಹೇಳಿದರು. ಜೈಬುವಿನ ತಂದೆ ಚಿತ್ರವನ್ನು ಬಹಳ ಹೊತ್ತು ನೋಡಿ, ಸುತ್ತಲಿನದೆಲ್ಲ ಏನೇ ಇರಲಿ, ಕುಪ್ಪಸದ ಹೊಲಿಗೆ ಚೆನ್ನಾಗಿ ಬಂದಿದೆ ಎಂದರಂತೆ. ಹೊಲಿದವರು ಅವರೇ.

ಆ ಹುಡುಗಿ ನಮ್ಮ ಮನೆಗೆ ಬರಲು ಶುರುಮಾಡಿದ್ದು ಹಾಗೆ. ಅತ್ತೆಗೆ ಅಡುಗೆಮನೆಯೊಳಗೆ ಯಾರು ಬರಬೇಕು, ಯಾರು ಹೊಸ್ತಿಲಾಚೆ ನಿಲ್ಲಬೇಕು ಎಂಬುದಕ್ಕೆ ತಮ್ಮವೇ ಆದ ಕಾನೂನುಗಳಿದ್ದವು. ಜೈಬು ಮೊದಲ ದಿನ ಹೊರಗಿನ ಕೋಣೆಯಲ್ಲಿ ಕೂತಳು. ಮುಂದಿನ ಸಲ ಬಂದಾಗ ಅತ್ತೆ ಬೀಸುಕಲ್ಲಿನ ಮುಂದೆ ಏದುಸಿರು ಬಿಡುತ್ತಿದ್ದರು. “ಅತ್ತಾಗ ಸರೀರಿ ಅಮ್ಮಾರ,” ಎಂದು ಅವಳು ಒಳಗೆ ಬಂದು ಕೂತು, ಒಂದೇ ಕೈಯಲ್ಲಿ ಗರಗರ ತಿರುಗಿಸಿದಳು. ಹಿಟ್ಟು ಮೈದಾದಂತೆ ಬಿತ್ತು. ಅತ್ತೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು, ಹೊಸ್ತಿಲನ್ನೊಮ್ಮೆ ನೋಡಿದರು, ಇನ್ನೊಂದು ಸೇರು ಕಾಳು ತಂದು ಅವಳ ಮುಂದೆ ಸುರಿದರು. ಆ ಕಾನೂನುಗಳ ವಿಷಯ ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮೈದಾನದಿಂದ ಮರಳುವ ದಾರಿಯಲ್ಲಿ ದಿನಾ ಇಳಿದು ಬಂದು ಬೀಸುವಾಗ ಅವಳು ಬಾಯಲ್ಲೊಂದು ಉಂಡೆ ಇಟ್ಟುಕೊಂಡೇ ‘ಕಬಡ್ಡಿ ಕಬಡ್ಡಿ’ ಎಂದು ಉಸಿರಿನ ಸಾಧನೆ ಮಾಡುತ್ತಿದ್ದಳು. ನನಗೆ ಆಶ್ಚರ್ಯವಾಗಿ, ಇದು ನಿನಗೆ ಅಂಟುವುದಿಲ್ಲವೇ ಎಂದು ಕೇಳಿದೆ. ಸ್ಟುಡಿಯೋದಲ್ಲಿ ಅಷ್ಟೊಂದು ತಿಂದ ದಿವಸವೇ ಅವಳಿಗೆ ಗುಟ್ಟು ಸಿಕ್ಕಿತ್ತು. “ಇದನ್ನ ಕಡೀಬಾರ್ದ್ರೀ ಅಕ್ಕಾರ. ನಮ್ಮಜ್ಜಿ ಎಲಿ ಅಡಕಿ ಇಟ್ಕೊಂಡಂಗ ಗಲ್ಲದಾಗ ಇಟ್ಟು ಸುಮ್ನ ಬಿಟ್ಬಿಡಬೇಕು. ಅದು ತಾನ ಕರಗ್ತದ, ನಾಲಿಗಿ ಖುಲ್ಲಾ ಇರ್ತದ.” ಇಷ್ಟು ವರ್ಷ ಆ ಮನೆಯಲ್ಲಿ ಉಂಡೆ ತಿಂದ ನನಗೆ ಹೊಳೆಯದ ವಿದ್ಯೆ. ಕಲಿಯಲು ನಾನೂ ಪ್ರಯತ್ನಿಸಿದೆ. ಗಲ್ಲದಲ್ಲಿಟ್ಟ ಕೂಡಲೇ ಹಲ್ಲು ತಾನಾಗಿ ಕಚ್ಚಿಬಿಡುತ್ತಿತ್ತು. ಅಂಥ ಸಂಯಮ ಕ್ರೀಡಾಳುಗಳಿಗೇ ಸಲ್ಲುವುದು. ಇತ್ತ ಕೆಳಗಿನ ಮನೆಯ ಹೆಂಗಸು, ನಿಮ್ಮ ಅತ್ತೆ ದಿನಾ ಮಧ್ಯಾಹ್ನ ಯಾವ ದೇವರ ಜಪ ಮಾಡುತ್ತಾರೆ ಎಂದು ಭಕ್ತಿಯಿಂದ ವಿಚಾರಿಸಿದಳು.

ಫೈನಲು ನಮ್ಮ ಗೋರೆಗಾಂವಿನ ಒಂದು ಶಾಲೆಯ ಮೈದಾನದಲ್ಲೇ ಬಿತ್ತು. ಭಾನುವಾರ ಮಧ್ಯಾಹ್ನ ಅತ್ತೆ, ನಾನು, ನಮ್ಮವರು, ತುಂಬಿದ ಎರಡು ಡಬ್ಬ. ಎದುರು ಪಕ್ಷ ಇನ್ನೊಂದು ಕಚೇರಿಯದು, ಗಟ್ಟಿ ತಂಡ. ಅವರ ಕ್ಯಾಪ್ಟನ್ ಉದ್ದನೆಯ ಹುಡುಗಿ. ನಮ್ಮ ಅಂಗಳಕ್ಕೆ ಬಂದರೆ ಬರಿಗೈಯಲ್ಲಿ ಮರಳುತ್ತಲೇ ಇರಲಿಲ್ಲ. ಜೈಬು ಹೋದರೆ ನಾಲ್ಕು ಜನ ಸೇರಿ ಅವಳೊಬ್ಬಳನ್ನೇ ಅಮುಕುತ್ತಿದ್ದರು. ವಿರಾಮದ ಹೊತ್ತಿಗೆ ನಮ್ಮ ತಂಡದವರು ಚೆನ್ನಾಗಿಯೇ ಹಿಂದೆ ಬಿದ್ದಿದ್ದರು. ಕುರ್ಚಿಯಲ್ಲಿ ಕೂತಿದ್ದ ಅವಳ ಕಚೇರಿಯ ಸಾಹೇಬರು ಗಡಿಯಾರ ನೋಡಿಕೊಳ್ಳಲು ಶುರುಮಾಡಿದ್ದರು. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಮೈದಾನದಲ್ಲಿ ನೆರಳೆಂದರೆ ಒಂದು ಗೋಡೆಯದು. ಎರಡೂ ತಂಡದ ಹುಡುಗಿಯರು ಅದರ ಬುಡದಲ್ಲಿ ಸಾಲಾಗಿ ಕುಕ್ಕರಿಸಿದರು. ಸಾಲಿನ ತುದಿಯಲ್ಲಿ ಅಂಪೈರುಗಳು. ಅತ್ತೆಯ ಕಣ್ಣಿಗೆ ಅದು ಸಾಲಲ್ಲ, ಪಂಕ್ತಿ. ಡಬ್ಬ ಹಿಡಿದು ಒಂದು ತುದಿಯಿಂದ ಬಡಿಸುತ್ತ ಹೊರಟೇಬಿಟ್ಟರು. ನಮ್ಮ ತಂಡ ಮುಗಿದು ಕೈ ಅವರ ತಂಡದ ಕಡೆಗೆ ಚಾಚಿದಾಗ ನಾನು ಓಡಿಹೋಗಿ, ಅತ್ತೆ, ಇವರು ಎದುರು ಪಕ್ಷದವರು ಎಂದೆ.

“ಹೌದಾ? ಈಗ ಆಟ ನಿಂತಿದೆಯಲ್ಲ,” ಎಂದರು. “ಕೂತ ಪಂಕ್ತಿಯಲ್ಲಿ ಒಬ್ಬರಿಗೆ ಹಾಕಿ ಒಬ್ಬರನ್ನು ಬಿಡಲಿಕ್ಕೆ ಉಂಟಾ? ಎಲ್ಲಿಯ ಕ್ರಮ ಅದು?”

ಬಡಿಸಿ ಸುಮ್ಮನಾಗುವ ಪೈಕಿಯೂ ಅವರಲ್ಲ. ಒಬ್ಬೊಬ್ಬರ ಮುಂದೆ ನಿಂತು, ಉಂಡೆ ಬಾಯೊಳಗೆ ಹೋಗುವವರೆಗೂ ಕದಲುತ್ತಿರಲಿಲ್ಲ. ಆಡಿ ಹಸಿದಿದ್ದ ಹುಡುಗಿಯರು ಕಚಕ್ಕನೆ ಕಚ್ಚಿದರು. ಅಂಪೈರುಗಳು ಕಚ್ಚಿದರು. ಎದುರು ಪಕ್ಷದ ಮ್ಯಾನೇಜರು, ನಮ್ಮ ಪಕ್ಷದ ಮ್ಯಾನೇಜರು, ಮೇಜಿನ ಹಿಂದಿದ್ದ ಪಂದ್ಯಾವಳಿಯ ಮುಖ್ಯ ಅಧಿಕಾರಿ, ಎಲ್ಲರೂ ಕಚ್ಚಿದರು. ಆಗ, ಆಗ ಮಾತ್ರ, ನನ್ನ ತಲೆಯೊಳಗೆ ದೀಪ ಹತ್ತಿತು. ಜೈಬುವಿನ ಕಡೆ ನೋಡಿದೆ. ಅವಳು ಉಂಡೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಗೆಳತಿಯರನ್ನು ತಡೆಯುವ ಹೊತ್ತು ಮೀರಿತ್ತು. ಪೊಟ್ಟಣದ ಮೇಲೆ ಪ್ರಭಾವಳಿ ಇಟ್ಟುಕೊಂಡವಳು ಉಂಡೆ ಬೇಡ ಎನ್ನುವ ಹಾಗೂ ಇರಲಿಲ್ಲ. ಕಣ್ಣು ಮುಚ್ಚಿ, ಇಡೀ ಉಂಡೆಯನ್ನು ಗಲ್ಲಕ್ಕೆ ತಳ್ಳಿದಳು.

ವಿರಾಮ ಮುಗಿಯಿತೆಂದು ಅಂಪೈರು ಸೀಟಿ ಊದಿದರು. ಸದ್ದು ಬರಲಿಲ್ಲ, ಒಂದು ಹಿಡಿ ಹಿಟ್ಟು ಬಂತು. ಕೈಬೀಸಿಯೇ ಆಟ ಶುರುವಾಯಿತು. ಎದುರು ಪಕ್ಷದ ಉದ್ದನೆಯ ಕ್ಯಾಪ್ಟನ್ ಗೆರೆ ದಾಟಿ ನಮ್ಮ ಅಂಗಳಕ್ಕೆ ಕಾಲಿಟ್ಟು ‘ಕಬ್’ ಎಂದಳು. ಉಳಿದುದು ಅಂಗುಳದಲ್ಲೇ ನಿಂತಿತು. ಕಣ್ಣು ಅಗಲ ಮಾಡಿ, ಕುತ್ತಿಗೆ ಚಾಚಿ ಮತ್ತೆ ಯತ್ನಿಸಿದಳು. ಔಟು. ನಮ್ಮ ಕಡೆಯ ಹುಡುಗಿ ಹೋದಳು, ಅವಳಿಂದ ಅಷ್ಟೂ ಬರಲಿಲ್ಲ. ಅವಳೂ ಔಟು. ಜನ ಮೊದಲು ಗಾಬರಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಆಡುವವರಿಗೂ ನಗು; ನಕ್ಕರೆ ಮೂಗಿನಿಂದ ಹಿಟ್ಟು. ಆಗ ಜೈಬು ಹೊರಟಳು. ‘ಕಬಡ್ಡಿ ಕಬಡ್ಡಿ ಕಬಡ್ಡಿ’ ಎಂದು ದನಿ ಮೈದಾನದ ತುಂಬ ಗಂಟೆಯ ಹಾಗೆ ಮೊಳಗಿತು. ಒಂದು ಗಲ್ಲ ಮಾತ್ರ ಹಲ್ಲುನೋವು ಬಂದವರಂತೆ ಉಬ್ಬಿತ್ತು. ಹೋದಳು, ಮುಟ್ಟಿದಳು, ಬಂದಳು. ಮತ್ತೆ ಹೋದಳು. ಉಳಿದವರ ಬಾಯಿ ಬಿಡುವು ಮಾಡಿಕೊಳ್ಳುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟು ಕುರ್ಚಿಯ ಮೇಲೆ ನಿಂತಿದ್ದರು. ನಮ್ಮ ತಂಡದವರು ಗೆದ್ದರು.

ಗೆದ್ದರು ಎನ್ನುವಷ್ಟರಲ್ಲಿ ತಕರಾರು ಬಂತು. ಎದುರು ಪಕ್ಷದ ಮ್ಯಾನೇಜರು ಸ್ವಲ್ಪ ಹೊತ್ತು ಕೈಸನ್ನೆಯಲ್ಲೂ, ಬಾಯಿ ಬಿಟ್ಟ ಮೇಲೆ ಮರಾಠಿಯಲ್ಲೂ, ಇದು ಮೋಸ, ಆಟ ರದ್ದಾಗಬೇಕು ಎಂದು ಮುಖ್ಯ ಅಧಿಕಾರಿಯ ಮೇಜು ಗುದ್ದಿದರು. ರದ್ದಾದರೆ ಎಲ್ಲ ಮತ್ತೆ ಮೊದಲಿನಿಂದ. ಇಲ್ಲವೇ ಜೈಬುವನ್ನೇ ಹೊರಗೆ ಹಾಕಬಹುದು. ಅವಳು ಮೊಣಕಾಲಿನ ಮಣ್ಣನ್ನು ಕೊಡವುತ್ತ ತಲೆ ತಗ್ಗಿಸಿ ನಿಂತಿದ್ದಳು, ಕಾಲಿನ ಮಣ್ಣು ಎಷ್ಟೋ ಹೊತ್ತಿನ ಮುಂಚೆಯೇ ಹೋಗಿತ್ತು. ಅಧಿಕಾರಿ ವಯಸ್ಸಾದ ಸಭ್ಯರು. ಉಂಡೆಯ ಯಜಮಾನರನ್ನು ಕರೆಸಿದರು. ನಮ್ಮವರು ನನ್ನನ್ನು ಮುಂದೆ ತಳ್ಳಿದರು. ಇಂಗ್ಲಿಷಿನ ಕೆಲಸ ನನ್ನದಲ್ಲವೇ. ಎರಡೂ ತಂಡಕ್ಕೆ ಒಂದೇ ಬಗೆಯ ಉಂಡೆ ಕೊಟ್ಟಿರಾ ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಬೊಂಬಾಯಿ ಹಿಂದಿಯಲ್ಲಿ ಹೇಳಿದರು, “ಸಬ್‌ಕೋ ದಿಯಾ. ಆಪ್‌ಕೋ ಭೀ ದಿಯಾ. ಪಂಕ್ತಿಭೇದ ಹಮ್ ನಹೀಂ ಕರ್ತಾ.” ಅಧಿಕಾರಿ ತಮ್ಮ ಮೀಸೆಯ ಮೇಲಿನ ಹಿಟ್ಟನ್ನು ಒರೆಸಿಕೊಂಡು ತಲೆದೂಗಿದರು. ಒಂದು ತಂಡಕ್ಕೆ ಮಾತ್ರ ಕೊಟ್ಟಿದ್ದರೆ ಮೋಸವೆನ್ನಬಹುದಿತ್ತು. ಇಲ್ಲಿ ಊರಿಗೆಲ್ಲ ಒಂದೇ ಗತಿ.

ಆದರೆ ಎದುರು ಪಕ್ಷದ ಮ್ಯಾನೇಜರು ಬಿಡಲಿಲ್ಲ. ಹಾಗಾದರೆ ಆ ಒಬ್ಬಳ ಬಾಯಿ ಹೇಗೆ ಆಡಿತು, ಅದನ್ನು ಕೇಳಿ ಎಂದರು. ಅಧಿಕಾರಿ ನನ್ನ ಕಡೆ ತಿರುಗಿ, ನಿಮ್ಮ ಆಟಗಾರ್ತಿಗೆ ಬೇರೆ ಏನಾದರೂ ಅನುಕೂಲ ಇತ್ತೇ ಎಂದು ಮೃದುವಾಗಿ ಇಂಗ್ಲಿಷಿನಲ್ಲಿ ಕೇಳಿದರು.

ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳುವುದೂ ಸುಳ್ಳಿನ ಜಾತಿಯೇ, ನಿಜವನ್ನು ಬಾಲದ ಸಮೇತ ಹೇಳಬೇಕು ಎಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಆದ್ದರಿಂದ ಉತ್ತರ ನನ್ನಲ್ಲಿ ಸಿದ್ಧವಾಗಿತ್ತು, ಕ್ರಿಯಾಪದ ಕೂಡ ತಪ್ಪಿರಲಿಲ್ಲ: ಮಹನೀಯರೇ, ಈ ಹುಡುಗಿ ನಮ್ಮ ಅಡುಗೆಮನೆಯಲ್ಲಿ ಉಂಡೆ ಬಾಯಲ್ಲಿಟ್ಟುಕೊಂಡು ಕಬಡ್ಡಿ ಎನ್ನುವುದನ್ನು ದಿನಾ ಅಭ್ಯಾಸ ಮಾಡಿದ್ದಾಳೆ. ಹೇಳಲು ಹೊರಟೆ. “ಮ್ಮ್” ಎಂದು ಬಂತು. ಆಟ ನೋಡುವ ಆತಂಕದಲ್ಲಿ ನಾನು ಡಬ್ಬದಿಂದ ಒಂದೊಂದೇ ಉಂಡೆ ತಿನ್ನುತ್ತಿದ್ದದ್ದು, ಕರೆದಾಗ ಬಾಯಲ್ಲಿ ಕೊನೆಯದು ಇದ್ದದ್ದು ನನಗೆ ಆಗಲೇ ಅರಿವಿಗೆ ಬಂದದ್ದು. ಮತ್ತೆ ಪ್ರಯತ್ನಿಸಿದೆ. ಅಧಿಕಾರಿ ತಾಳ್ಮೆಯಿಂದ ಕಾದರು. ಬಲಗೈಯಿಂದ ಬೀಸುಕಲ್ಲು ತಿರುಗಿಸಿ, ಎಡಗೈಯಿಂದ ಗಲ್ಲ ತೋರಿಸಿದೆ. ಅವರು ನನ್ನನ್ನೂ, ತಕರಾರಿನವರನ್ನೂ ನೋಡಿದರು. ಆಮೇಲೆ, ಮಾಡಿದವರ ಮನೆಯವರ ಬಾಯನ್ನೇ ಇದು ಬಿಟ್ಟಿಲ್ಲ, ಇನ್ನು ಅನುಕೂಲದ ಮಾತೆಲ್ಲಿ ಎಂದು ನಕ್ಕು, ಆಟ ಸರಿಯಾಗಿದೆ ಎಂದು ಎದ್ದುಬಿಟ್ಟರು. ಎದುರು ಪಕ್ಷದ ಕ್ಯಾಪ್ಟನ್ ಹುಡುಗಿಯೇ ಮೊದಲು ಬಂದು ಜೈಬುವನ್ನು ತಬ್ಬಿಕೊಂಡಳು. ಆಮೇಲೆ ಅತ್ತೆಯ ಹತ್ತಿರ ಹೋಗಿ, ಡಬ್ಬದಲ್ಲಿ ಇನ್ನೂ ಇದೆಯಾ ಎಂದು ಇಣುಕಿದಳು. ನನ್ನ ಬಾಯಿ ಬಿಟ್ಟಾಗ ಮೈದಾನದಲ್ಲಿ ನಿಜ ಕೇಳುವವರು ಯಾರೂ ಉಳಿದಿರಲಿಲ್ಲ.

ಕಾಯಂ ಆದ ಸುದ್ದಿ ಹಿಡಿದುಕೊಂಡು ಜೈಬು ಮನೆಗೆ ಬಂದಳು, ತಂದೆ ಕಳಿಸಿದ ಜಿಲೇಬಿಯ ಪುಡಿಕೆ ಕೈಯಲ್ಲಿ. ಅತ್ತೆಯ ಕಾಲು ಮುಟ್ಟಿದಳು, ನನ್ನದನ್ನೂ ಮುಟ್ಟಲು ಬಂದಳು. ನಾನು ಹಿಂದೆ ಸರಿದು, ಅಂದು ನಾನು ಹೇಳಬೇಕೆಂದಿದ್ದ ಆ ಇಡೀ ವಾಕ್ಯವನ್ನು, ಅದು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ, ಅವಳಿಗೆ ಹೇಳಿಯೇ ಬಿಟ್ಟೆ. ಅವಳು ಕೇಳಿ ಹಣೆಗೆ ಕೈ ಹಚ್ಚಿಕೊಂಡಳು.

“ನಿಮ್ಮ ಮಾತಿನಿಂದನ ನನ್ನ ನೌಕರಿ ಉಳೀತು ಅಂತ ಮನ್ಯಾಗೆಲ್ಲ ಹೇಳೇನ್ರೀ ಅಕ್ಕಾರ.”

“ನಾನು ಮಾತಾಡಲೇ ಇಲ್ಲವಲ್ಲೇ.”

“ಅದಕ್ಕ ಉಳೀತ್ರೀ,” ಎಂದಳು.

ಇದಕ್ಕೆ ನಾನು ತಕ್ಕ ಉತ್ತರ ಕೊಡುವವಳಿದ್ದೆ. ಅತ್ತೆ ಉಂಡೆಯ ತಟ್ಟೆ ಮುಂದೆ ಹಿಡಿದರು.